ಹಾಡಿಯ ನ್ಯಾಯ, ಹಬ್ಬ, ಹೆಂಗಸರ ಕೂಟ: ಮನಸ್ಸಿನ ಆರೋಗ್ಯದ ಕೆಲಸ ಎಲ್ಲಿಂದ ಶುರು ಮಾಡಬೇಕು?

ಕಾಡಂಚಿನ ಸಿಎಚ್‌ಒ

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ), ಎಚ್.ಡಿ. ಕೋಟೆ ಕಡೆಯ ಆರೋಗ್ಯ ಉಪಕೇಂದ್ರದಲ್ಲಿದ್ದೇನೆ. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು (ಆದಿವಾಸಿ ಕೇರಿಗಳು) ನಮ್ಮ ವ್ಯಾಪ್ತಿಗೆ ಬರುತ್ತವೆ. ಹೆಂಗಸರು ತರುವ ದೂರು ಹೆಚ್ಚುಕಮ್ಮಿ ಒಂದೇ: ತಲೆನೋವು, ಮೈಕೈ ನೋವು, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಕಬ್ಬಿಣದ ಮಾತ್ರೆ, ನೋವಿನ ಮಾತ್ರೆ ಕೊಟ್ಟು ಕಳಿಸುವುದು ನಡೆದೇ ಇದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ, ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ಚೀಟಿ ಬರೆದುಕೊಟ್ಟರೆ ಯಾರೂ ಹೋಗುವುದಿಲ್ಲ.

ಅದೇ ಹೆಂಗಸರು ಹಬ್ಬದ ಕೂಟಕ್ಕೆ, ಗುಡ್ಡನ (ಹಾಡಿಯ ದೇವರ ಪೂಜಾರಿ) ಹತ್ತಿರ ದೇವರು ಕೇಳುವುದಕ್ಕೆ, ಹಾಡಿಯ ಮುಖ್ಯಸ್ಥರಾದ ಯಜಮಾನರು ಸೇರಿಸುವ ನ್ಯಾಯದ ಕೂಟಕ್ಕೆ ತಪ್ಪದೆ ಹೋಗುತ್ತಾರೆ. ಹಾಗಾಗಿ ಹಾಡಿಯ ವ್ಯವಸ್ಥೆಯ ಮೂಲಕವೇ ಏನಾದರೂ ಮಾಡಬೇಕು ಅಂತಿದೆ. ಮೊದಲು ಯಾರನ್ನು ಕಾಣಬೇಕು? ನ್ಯಾಯದ ಕೂಟಕ್ಕೆ ಈ ವಿಷಯ ತಂದರೆ ಹೆಂಗಸಿಗೆ ಒಳ್ಳೆಯದಾಗುತ್ತದಾ, ಇನ್ನೂ ಕಷ್ಟವಾಗುತ್ತದಾ? ತಪಾಸಣೆಯ ಪ್ರಶ್ನೆಗಳನ್ನು ಹೇಗೆ ಕೇಳುವುದು? ಕೆಲಸ ಗೊತ್ತಿರುವವರು ವಿವರವಾಗಿ ಬರೆಯಿರಿ.

---

ಪೋಡಿನ ದಾರಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮೇಡಂ. ಹಾಡಿಯಲ್ಲಿ ಯಾವ ಕೂಟ ಯಾವ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಬಿಡಿಸಿಟ್ಟುಕೊಳ್ಳಿ. ಎಲ್ಲವನ್ನೂ ‘ಸಮುದಾಯ’ ಅಂತ ಒಟ್ಟು ಮಾಡಿದ ಕಡೆಯೇ ಕೆಲಸ ಕೆಡುವುದು.

ಯಜಮಾನರ ಕೆಲಸ ಜಗಳ, ಮದುವೆ, ಓಡಿಹೋದ ಜೋಡಿಯನ್ನು ಕೂಡಿಸುವುದು, ಬಿಡುಗಡೆ, ದಂಡ. ಗುಡ್ಡನ ಕೆಲಸ, ಸೋಲಿಗರ ಪೋಡಿನಲ್ಲಾದರೆ ತಮ್ಮಡಿಯ ಕೆಲಸ, ದೇವರು, ಕಾಯಿಲೆ, ಸಾವಿನ ಕಾರ್ಯ. ಮೂರನೆಯದು ಕಾಯ್ದೆಯ ಕೂಟ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶವೇ ಇಲ್ಲ, ಆದ್ದರಿಂದ ಅಂಥ ಕಡೆ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಯಜಮಾನರ ಮಾತಿಗೆ ಹಾಡಿಯ ಒಪ್ಪಿಗೆಯ ಬಲ ಇದೆಯೇ ಹೊರತು ಕಾನೂನಿನ ಬಲ ಇಲ್ಲ. ಕಾನೂನಿನ ಬಲ ಇರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಗೆ. ಅದರ ಕೋರಂಗೆ ಅರ್ಧದಷ್ಟು ಸದಸ್ಯರು ಇರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯಲ್ಲೂ ಮೂರನೇ ಒಂದು ಭಾಗ ಅವರೇ.

ಇನ್ನು ನಾಲ್ಕನೆಯ ಕೂಟಕ್ಕೆ ಹೆಸರಿಲ್ಲ, ಪದವಿಯೂ ಇಲ್ಲ. ಸೌದೆಗೆ ಹೋಗುವಾಗ, ನೀರಿನ ಹತ್ತಿರ, ಹೆರಿಗೆಯ ಮನೆಯಲ್ಲಿ, ಸಾವಿನ ಮನೆಯಲ್ಲಿ, ಹಬ್ಬದ ರಾತ್ರಿ ಹಾಡಿಕೊಂಡು ಹೆಜ್ಜೆ ಹಾಕುವಾಗ ಹೆಂಗಸರು ತಾವೇ ಸೇರುವುದು. ದುಃಖ ಹೊರಗೆ ಬರುವುದು ಇಲ್ಲಿ. ಹೊರಗಿನವರ ಕಣ್ಣಿಗೆ ಇದು ಸಂಸ್ಥೆಯಂತೆ ಕಾಣುವುದೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ ನಿಮ್ಮ ಕೆಲಸ ನಿಲ್ಲಬೇಕಾದದ್ದು ಇದರ ಮೇಲೆ. ಉಳಿದ ಮೂರು ಇದಕ್ಕೆ ಅಡ್ಡಿ ಮಾಡದಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ.

ಕಾಣಬೇಕಾದ ಕ್ರಮ ಹೀಗೆ. ಮೊದಲು ಯಜಮಾನರು. ಅವರಿಗೆ ಹೇಳಬೇಕಾದದ್ದು ಇಷ್ಟೇ: ಹೆಂಗಸರ ಆರೋಗ್ಯದ ಬಗ್ಗೆ ತಿಂಗಳಿಗೊಮ್ಮೆ ಹೆಂಗಸರೇ ಕೂರುತ್ತಾರೆ, ಅಲ್ಲಿ ಯಾರ ಮನೆಯ ನ್ಯಾಯವೂ ಆಗುವುದಿಲ್ಲ. ಯಾವ ಹೆಂಗಸಿನ ಹೆಸರನ್ನೂ ಎತ್ತಬೇಡಿ. ಅದಾದ ಮೇಲೆ ಹಿರಿಯ ಹೆಂಗಸರು, ಮುಖ್ಯವಾಗಿ ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯರು. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಅವರ ಕೆಲಸ ಹೋಯಿತು, ಆದರೆ ಬಾಣಂತಿ ಅತ್ತರೆ ಕರೆಯುವುದು ಈಗಲೂ ಅವರನ್ನೇ. ಗುಡ್ಡನನ್ನು ಮೂರನೆಯದಾಗಿ ಕಾಣಿ, ಒಬ್ಬರೇ ಹೋಗಿ, ಜನರ ಎದುರಿಗೆ ಬೇಡ.

ಕಾಲ ನೋಡಿಕೊಳ್ಳಿ. ಕಾಫಿ ಕೊಯ್ಲಿನಲ್ಲಿ ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಮಾರ್ಚ್‌ವರೆಗೆ ನಡೆಯುತ್ತದೆ. ಅರ್ಧ ಹಾಡಿ ಕೊಡಗಿನ ತೋಟಗಳಲ್ಲಿರುತ್ತದೆ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಗಂಡಸರು ಜೇನಿಗೆ ಹೋಗಿರುತ್ತಾರೆ, ಹೆಂಗಸರ ಕೂಟಕ್ಕೆ ಅದು ಅನುಕೂಲವೇ. ಡಿಸೆಂಬರ್‌ನಲ್ಲಿ ಶುರು ಮಾಡಿ ‘ಜನ ಬರಲಿಲ್ಲ’ ಎಂದು ವರದಿ ಬರೆದ ಯೋಜನೆಗಳಿಗೆ ಲೆಕ್ಕವಿಲ್ಲ.

ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ವರ್ಷವಿಡೀ ಇರುವ ಹೆಂಗಸರನ್ನು ಮರೆಯಬೇಡಿ. ಅವರಿಗೆ ಯಜಮಾನರೂ ಇಲ್ಲ, ಹಬ್ಬದ ಕೂಟವೂ ಇಲ್ಲ, ತವರೂ ಹತ್ತಿರ ಇಲ್ಲ. ಹೊಡೆತ ತಿಂದರೆ ಓಡಿಹೋಗಿ ಕೂರುವುದಕ್ಕೆ ಪಕ್ಕದ ಗುಡಿಸಲಿನ ಚಿಕ್ಕಮ್ಮ ಇರುವುದಿಲ್ಲ. ಕಾಡಿನಿಂದ ಹೊರಬಂದ ಪುನರ್ವಸತಿ ಕಾಲೊನಿಗಳ ಪಾಡೂ ಬಹುಮಟ್ಟಿಗೆ ಇದೇ. ಮನೆಗಳು ಸಾಲಾಗಿ ಬಂದವು, ನಂಟರ ಗುಂಪುಗಳು ಚದುರಿದವು, ದೇವರ ಜಾಗ, ಸಮಾಧಿಗಳು ಒಳಗೇ ಉಳಿದವು. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಪೂಜೆ ಮಾಡುವ ಹಕ್ಕಿಗೆ ಅರಣ್ಯ ಹಕ್ಕು ಕಾಯ್ದೆಯ ನಮೂನೆ ‘ಬಿ’ಯಲ್ಲಿ ಸಮುದಾಯ ಹಕ್ಕಿನ ಅರ್ಜಿ ಹಾಕಬಹುದು. ಆ ಕಾಯ್ದೆಯ ನಿಯಮ 13ರ ಪ್ರಕಾರ ಸಮಾಧಿ, ದೇವರ ಜಾಗ, ಹಿರಿಯರ ಹೇಳಿಕೆ ಸಾಕ್ಷ್ಯವಾಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದ ಒಳಗೇ ಸಮುದಾಯ ಹಕ್ಕುಪತ್ರ ಪಡೆದಿದ್ದಾರೆ. ಇದನ್ನೂ ಮನಸ್ಸಿನ ಆರೋಗ್ಯದ ಕೆಲಸ ಅಂತಲೇ ಎಣಿಸಿ. ಮಾತ್ರೆಯೊಂದರಿಂದಲೇ ಇದು ಮುಗಿಯುವುದಿಲ್ಲ.

---

ಕೂಟ ಕಟ್ಟುವವರು

ತಿಂಗಳ ಕೂಟ ನಡೆಸುವ ರೀತಿ ಬರೆಯುತ್ತೇನೆ. ಇದಕ್ಕೆ ಗಟ್ಟಿ ಆಧಾರ ಇದೆ. ಜಾರ್ಖಂಡ್‌ನ ಪಶ್ಚಿಮ ಸಿಂಗ್‌ಭೂಮ್, ಸರಾಯ್‌ಕೇಲಾ ಖರ್ಸಾವಾನ್ ಮತ್ತು ಒಡಿಶಾದ ಕೇಂದೂಝರ್ ಜಿಲ್ಲೆಗಳಲ್ಲಿ ‘ಏಕ್‌ಜುಟ್’ ಸಂಸ್ಥೆ 2005ರಿಂದ 2008ರವರೆಗೆ ಆದಿವಾಸಿ ಹೆಂಗಸರ ಗುಂಪುಗಳನ್ನು ನಡೆಸಿತು. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನವಜಾತ ಶಿಶುಗಳ ಸಾವು 32% ಕಡಿಮೆ. ತಾಯಂದಿರ ಖಿನ್ನತೆಯಲ್ಲಿ ಮೂರು ವರ್ಷವನ್ನೂ ಒಟ್ಟಿಗೆ ನೋಡಿದರೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಮೂರನೇ ವರ್ಷದಲ್ಲಿ ಮಾತ್ರ ಮಧ್ಯಮ ಮಟ್ಟದ ಖಿನ್ನತೆ 57% ಕಡಿಮೆಯಾಗಿತ್ತು. ಇನ್ನೊಂದು ವಿಷಯ, ಆ ಕೂಟಗಳಲ್ಲಿ ಖಿನ್ನತೆಯ ಮೇಲೆ ಪಾಠ ನಡೆದಿರಲಿಲ್ಲ. ಬಸಿರು, ಬಾಣಂತನ, ಕೂಸಿನ ತೊಂದರೆಗಳ ಬಗ್ಗೆ ಹೆಂಗಸರು ಕೂತು ಮಾತಾಡಿ, ತಾವೇ ಉಪಾಯ ಹುಡುಕಿದ್ದರು. ಆರು ತಿಂಗಳಿಗೇ ಖಿನ್ನತೆಯ ಅಂಕ ಇಳಿಯಲಿಲ್ಲ ಅಂತ ಕೈಬಿಟ್ಟರೆ ಏನೂ ಸಿಗುವುದಿಲ್ಲ.

ನಡೆಸುವವಳು ಹಾಡಿಯ ನುಡಿ ಆಡುವ ಹೆಂಗಸಾಗಿರಬೇಕು, ಮದುವೆಯಾಗಿ ಮಕ್ಕಳಿರುವವಳಾದರೆ ಒಳ್ಳೆಯದು. ಓದು ಬರಹ ಬಾರದಿದ್ದರೂ ನಡೆಯುತ್ತದೆ, ಚಿತ್ರದ ಹಾಳೆ ಸಾಕು. ಕೂಟಕ್ಕೆ 15ರಿಂದ 20 ಜನ. ಹಾಡಿ ದೊಡ್ಡದಾದರೆ ಎರಡು ಕೂಟ ಮಾಡಿ, ಒಂದನ್ನೇ ಉಬ್ಬಿಸಬೇಡಿ. ಮೂವತ್ತು ಜನ ಸೇರಿದ ಕಡೆ ಮಾತಾಡುವುದು ನಾಲ್ವರು ಮಾತ್ರ.

ಮೊದಲ ಒಂದೆರಡು ಸಲ ಪರಿಚಯ, ಹಾಡು, ‘ಇಲ್ಲಿ ಆಡಿದ್ದು ಇಲ್ಲೇ’ ಅನ್ನುವ ಒಪ್ಪಂದ. ಮುಂದಿನ ಸಲ ತೊಂದರೆಗಳ ಪಟ್ಟಿ: ನಿದ್ದೆ ಇಲ್ಲದಿರುವುದು, ಕುಡಿತದ ಜಗಳ, ಕೂಸಿಗೆ ಹಾಲು ಸಾಲದಿರುವುದು, ಸಾಲ, ಆನೆ ಭಯ. ಒಂದೊಂದಕ್ಕೂ ಚಿತ್ರ ಇಟ್ಟು ಪ್ರತಿಯೊಬ್ಬರ ಕೈಗೂ ಮೂರು ಹುಣಸೆ ಬೀಜ ಕೊಡಿ. ತನಗೆ ಹೆಚ್ಚು ಭಾರ ಅನಿಸಿದ ಚಿತ್ರದ ಮೇಲೆ ಬೀಜ ಇಡಲಿ. ಹೆಚ್ಚು ಬೀಜ ಬಿದ್ದ ಎರಡು ವಿಷಯ ಮಾತ್ರ ಹಿಡಿಯಿರಿ. ಅವುಗಳ ಕಾರಣವನ್ನು ಕಥೆಯಾಗಿ ಕಟ್ಟಿ: ಕಥೆಯ ಹೆಂಗಸಿಗೆ ಹಾಡಿಯಲ್ಲಿ ಯಾರಿಗೂ ಇಲ್ಲದ ಹೆಸರಿಡಿ, ‘ಅವಳಿಗೆ ಯಾಕೆ ಹೀಗಾಯಿತು, ಅದಕ್ಕೂ ಮುಂಚೆ ಏನಾಗಿತ್ತು’ ಅಂತ ಕೇಳುತ್ತಾ ಹೋಗಿ. ತಮ್ಮ ಸಂಕಟವನ್ನು ಅವಳ ಬಾಯಲ್ಲಿ ಹೇಳುತ್ತಾರೆ, ಯಾರ ಗುಟ್ಟೂ ಬಯಲಾಗುವುದಿಲ್ಲ. ಆಮೇಲೆ ಉಪಾಯಗಳು. ಬಾಣಂತಿಯ ಮನೆಗೆ ಸರದಿಯಲ್ಲಿ ಒಬ್ಬೊಬ್ಬರು ಹೋಗಿ ಕೂಸು ನೋಡಿಕೊಂಡು ಅವಳಿಗೆ ಎರಡು ಗಂಟೆ ನಿದ್ದೆ ಮಾಡಲು ಬಿಡುವುದು, ಕುಡಿದು ಬಂದ ರಾತ್ರಿ ಮಕ್ಕಳ ಸಮೇತ ಹೋಗಿ ಮಲಗಲು ಎರಡು ಮನೆ ಗೊತ್ತು ಮಾಡುವುದು. ಇಂಥ ಚಿಕ್ಕ ಉಪಾಯಗಳು ಉಳಿಯುತ್ತವೆ. ದೊಡ್ಡ ಉಪಾಯ ಹಾಕಿಕೊಂಡ ಕೂಟ ಎರಡೇ ತಿಂಗಳಲ್ಲಿ ಒಡೆಯುತ್ತದೆ.

ಕೆಡುವುದು ಎಲ್ಲಿ? ಮುಖ್ಯವಾಗಿ ಸ್ವಸಹಾಯ ಸಂಘದ ಸಭೆಗೆ ಇದನ್ನು ಅಂಟಿಸಿದಾಗ. ಕಂತು ಕಟ್ಟಲಾಗದವಳು ಸಂಘದ ದಿನ ಮನೆಯಿಂದ ಹೊರಗೇ ಬರುವುದಿಲ್ಲ. ನಿಮಗೆ ಬೇಕಾದವಳು ಅವಳೇ. ಹಣದ ಪುಸ್ತಕ ಬರುವ ದಿನ, ಬರುವ ಜಾಗ ಎರಡನ್ನೂ ಬಿಟ್ಟು ಕೂಟ ಇಡಿ. ಸಂತೆಯ ದಿನವೂ ಬೇಡ. ಅಂಗನವಾಡಿ ಕಟ್ಟಡಕ್ಕಿಂತ ಮರದಡಿ ವಾಸಿ, ಆದರೆ ಯಜಮಾನರ ಕಟ್ಟೆಯಿಂದ ದೂರ ಇರಲಿ.

ಖರ್ಚು ಹೆಚ್ಚಿಲ್ಲ. ಚಿತ್ರದ ಹಾಳೆಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವರ್ಷದ 10,000 ರೂಪಾಯಿಯ ಮುಕ್ತ ನಿಧಿಯಿಂದ ಕೇಳಿ ನೋಡಿ. ಸಮಿತಿಯ ನಡಾವಳಿಯಲ್ಲಿ ‘ಮಹಿಳಾ ಆರೋಗ್ಯ ಸಭೆ’ ಅಂತಷ್ಟೇ ಇರಲಿ.

---

ತಾಲ್ಲೂಕು ವೈದ್ಯ

ತಪಾಸಣೆಯ ಬಗ್ಗೆ.

ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಕಾಯಿಲೆಗಳ ಅಪಾಯ ಕೇಳಿ ತುಂಬುವ ಸಿಬ್ಯಾಕ್ ನಮೂನೆಯಲ್ಲಿ ಮನಸ್ಸಿನ ಎರಡು ಪ್ರಶ್ನೆ ಇವೆ: ಕೆಲಸದಲ್ಲಿ ಆಸಕ್ತಿ ಹೋಗಿದೆಯೇ, ಮನಸ್ಸು ಕುಗ್ಗಿದೆಯೇ. ತೊಡಕು ಎರಡು. ಆ ನಮೂನೆ 30 ವರ್ಷ ದಾಟಿದವರಿಗೆ. ಹಾಡಿಯಲ್ಲಿ 18–25ರ ಎಳೆ ತಾಯಂದಿರೇ ಹೆಚ್ಚು ಕಷ್ಟದಲ್ಲಿರುವವರು, ಅವರು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು, ಬಾಗಿಲಲ್ಲಿ ಗಂಡನೋ ಅತ್ತೆಯೋ ನಿಂತಿರುವಾಗ ಕೇಳಿದರೆ ಉತ್ತರ ಸೊನ್ನೆಯೇ. ಬಸುರಿ ಬಾಣಂತಿಯರನ್ನು ತಾಯಿಕಾರ್ಡ್ ನೋಡುವ ನೆಪದಲ್ಲಿ ಒಳಗೆ ಕರೆದು ಒಬ್ಬರನ್ನೇ ಕೇಳಿ.

ಎರಡು ಪ್ರಶ್ನೆಯ ಒಟ್ಟು ಅಂಕ 3 ಅಥವಾ ಮೇಲಾದರೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪಟ್ಟಿಯ ಒಂಬತ್ತೂ ಪ್ರಶ್ನೆ ಕೇಳಿ. ‘ಕಳೆದ ಎರಡು ವಾರ’ ಅನ್ನುವ ಬದಲು ‘ಆಚೆ ಸಂತೆಯಿಂದ ಇವತ್ತಿನವರೆಗೆ’ ಅನ್ನಿ. ‘ಅರ್ಧಕ್ಕಿಂತ ಹೆಚ್ಚು ದಿನ’ ಅನ್ನುವುದು ಅರ್ಥವಾಗದಿದ್ದರೆ 14 ಬೀಜ ಕೊಟ್ಟು, ನಿದ್ದೆ ಕೆಟ್ಟ ರಾತ್ರಿಗಳನ್ನು ಬೇರೆ ಇಡಿಸಿ. ಏಳಕ್ಕಿಂತ ಹೆಚ್ಚಾದರೆ 2 ಅಂಕ, ಹೆಚ್ಚುಕಮ್ಮಿ ಎಲ್ಲವೂ ಆದರೆ 3. ಒಟ್ಟು 27ರಲ್ಲಿ 10 ಅಥವಾ ಮೇಲಾದರೆ ವೈದ್ಯರು ನೋಡಬೇಕು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ‘ಹೌದು’ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಮುಂದಿನ ಹೆಜ್ಜೆ: ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಕಳೆನಾಶಕ, ಕೀಟನಾಶಕ ಹೊರಗೆ ಹೋಗಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ನಿಮ್ಮ ಫೋನಿಂದಲೇ ಕರೆ ಮಾಡಿ ಕೈಗೆ ಕೊಡಿ. 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ. ಪ್ಯಾರಾಕ್ವಾಟ್ ಕಳೆನಾಶಕ ಕುಡಿದವರಿಗೆ ಪ್ರತಿವಿಷ ಇಲ್ಲ. ಲೈನ್ ಮನೆಗಳಲ್ಲಿ ಕ್ಯಾನು ಇಡದೆ ತೋಟದ ಗೋದಾಮಿನಲ್ಲಿ ಬೀಗ ಹಾಕಿಡುವಂತೆ ತೋಟದ ಕೆಲಸ, ಲೆಕ್ಕ ನೋಡುವ ರೈಟರ್ ಜೊತೆ ಮಾತಾಡುವುದೂ ನಿಮ್ಮ ಕೆಲಸವೇ.

ಎಲ್ಲವನ್ನೂ ಮನಸ್ಸಿನ ಕಾಯಿಲೆ ಅಂತ ಬರೆಯುವ ಮುಂಚೆ ಮೂರು ಪರೀಕ್ಷೆ. ಹಿಮೋಗ್ಲೋಬಿನ್: ಬಸುರಿಯಲ್ಲದವರಿಗೆ 12, ಬಸುರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಸುಸ್ತು, ಎದೆ ಡವಡವಕ್ಕೆ ಅದೂ ಕಾರಣ. ಕುಡಗೋಲು ಕಣ ರೋಗ (ಸಿಕಲ್ ಸೆಲ್): ಮೂಳೆ, ಕೀಲು ನೋವು ಬಿಟ್ಟುಬಿಟ್ಟು ಬರುವವರಿಗೆ ಈ ಪರೀಕ್ಷೆ ತಪ್ಪಿಸಬೇಡಿ, 2023ರಿಂದ ರಾಷ್ಟ್ರೀಯ ಅಭಿಯಾನದಲ್ಲಿ ಉಚಿತ. ಮೂರನೆಯದು ಥೈರಾಯ್ಡ್.

ಖಿನ್ನತೆಯ ಮಾತ್ರೆ ಶುರುವಾದರೆ ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣಲು 2ರಿಂದ 4 ವಾರ ಬೇಕು. ಮಾತ್ರೆ ಬಿಡುವುದೇ ಈ ಹೊತ್ತಿನಲ್ಲಿ. ಇದನ್ನು ಮೊದಲೇ ಹೇಳಿ, ಹತ್ತನೇ ದಿನ ಮನೆಗೆ ಹೋಗಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಯಬೇಕು. ಮೈಕೈ ನೋವಿಗೆ ಅಮಿಟ್ರಿಪ್ಟಿಲಿನ್ ಬರೆದಿದ್ದರೆ, ಸಾಯುವ ಯೋಚನೆ ಇರುವವಳ ಕೈಗೆ ತಿಂಗಳ ಚೀಟಿ ಕೊಡಬೇಡಿ. ಒಟ್ಟಿಗೆ ನುಂಗಿದರೆ ಎದೆಬಡಿತ ಕೆಡುತ್ತದೆ. ವಾರಕ್ಕೆ ಆಗುವಷ್ಟು ಮಾತ್ರ ಕೊಡಿ, ಅದೂ ಕೂಟದ ಹಿರಿಯಳೊಬ್ಬಳ ಕೈಯಲ್ಲಿರಲಿ.

ಗುಡ್ಡನ ಜೊತೆ ವಾದಕ್ಕೆ ಇಳಿಯಬೇಡಿ. ದೇವರು ಕೇಳಲಿ, ತಾಯಿತ ಕಟ್ಟಲಿ. ಅದರಿಂದ ಅವಳಿಗೆ ಧೈರ್ಯ ಬರುತ್ತದೆ, ಮನೆಯವರು ಅವಳ ಸಂಕಟವನ್ನು ಒಪ್ಪಿಕೊಳ್ಳುತ್ತಾರೆ. ಮೂರು ಮಾತು ಮಾತ್ರ ಅವರ ಹತ್ತಿರ ಗಟ್ಟಿ ಮಾಡಿಕೊಳ್ಳಿ. ನಡೆಯುತ್ತಿರುವ ಮಾತ್ರೆಯನ್ನು, ಅದರಲ್ಲೂ ಮೂರ್ಛೆರೋಗದ ಮಾತ್ರೆಯನ್ನು, ಬಿಡಿಸಬಾರದು. ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು, ಕಟ್ಟಿಹಾಕುವುದು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮೂರನೆಯದು, ಹೆರಿಗೆಯಾದ ಎರಡು ವಾರದೊಳಗೆ ಬಾಣಂತಿ ನಿದ್ದೆಯೇ ಇಲ್ಲದೆ ಅಸಂಬದ್ಧ ಮಾತಾಡಿದರೆ, ಕೂಸು ತನ್ನದಲ್ಲ ಅಂದರೆ, ಪೂಜೆಗೆ ಮುಂಚೆ ಗಾಡಿ ಬರಬೇಕು. ಕೂಸನ್ನು ಅವಳ ಜೊತೆ ಒಂಟಿಯಾಗಿ ಬಿಡಬಾರದು. ಅವರು ಕಳಿಸಿದ ರೋಗಿ ಬಂದಾಗ ‘ಇವರು ಸರಿಯಾದ ಹೊತ್ತಿಗೆ ಕಳಿಸಿದ್ದಾರೆ’ ಅಂತ ಮನೆಯವರ ಎದುರು ಹೇಳಿ. ಮುಂದಿನ ಸಲ ಬೇಗ ಕಳಿಸುತ್ತಾರೆ.

---

ಕಾಡಂಚಿನ ಸಿಎಚ್‌ಒ

ತುಂಬ ಉಪಕಾರವಾಯಿತು. ಎರಡು ವಿಷಯ ಬಾಕಿ. ಹೊಡೆತದ ಪ್ರಕರಣಗಳು ಯಜಮಾನರ ನ್ಯಾಯಕ್ಕೇ ಹೋಗುತ್ತವೆ, ಪೊಲೀಸರ ಹತ್ತಿರ ಹೋಗುವವರು ಇಲ್ಲವೇ ಇಲ್ಲ. ಅಲ್ಲಿ ಏನು ಬದಲಾಯಿಸಲು ಸಾಧ್ಯ? ಹಬ್ಬದ ದಿನ ಗಂಡಸರಿಗೆಲ್ಲ ದೇವರ ಮುಂದೆ ಆಣೆ ಹಾಕಿಸಿ ಕುಡಿತ ಬಿಡಿಸಬೇಕು ಅಂತ ಹಿರಿಯರು ಮಾತಾಡುತ್ತಿದ್ದಾರೆ. ಇದಕ್ಕೆ ಒತ್ತಾಸೆ ಕೊಡಬಹುದಾ?

---

ಉಚಿತ ಕಾನೂನು ನೆರವು

ನ್ಯಾಯದ ಬಗ್ಗೆ ನಾನು ಹೇಳುತ್ತೇನೆ. ಆದಿವಾಸಿ ನ್ಯಾಯದಲ್ಲಿ ಹೆಂಗಸಿಗೆ ಅನುಕೂಲವಾದದ್ದೂ ಇದೆ. ಗಂಡನನ್ನು ಬಿಡುವುದು, ಮರುಮದುವೆ, ವಿಧವೆಯ ಮದುವೆ ಇವು ಹೊರಗಿನ ಹಳ್ಳಿಗಳಷ್ಟು ಕಷ್ಟವಲ್ಲ, ತೀರ್ಮಾನ ಒಂದೆರಡು ದಿನದಲ್ಲಿ ಆಗುತ್ತದೆ, ಅವಳ ನುಡಿಯಲ್ಲೇ ಆಗುತ್ತದೆ. ಕೋರ್ಟು ಇಷ್ಟು ಕೊಡಲಾರದು. ಆದ್ದರಿಂದ ಅದನ್ನು ಮುರಿಯುವ ಮಾತು ಬೇಡ.

ಅಲ್ಲಿ ಹೆಂಗಸಿಗೆ ಪೆಟ್ಟಾಗುವ ಜಾಗಗಳು ಬೇರೆ. ಎಲ್ಲರ ಎದುರು ನಿಂತು ತನ್ನ ಮೈಮೇಲೆ ಆದದ್ದನ್ನು ಹೇಳಬೇಕು. ಗಂಡನ ಕಡೆಯವರೇ ಕೂತಿರುತ್ತಾರೆ. ಗಂಡ ಕಟ್ಟಿದ ದಂಡ ಕೂಟದ ಊಟಕ್ಕೆ, ಕೆಲವೊಮ್ಮೆ ಹೆಂಡಕ್ಕೇ ಹೋಗುತ್ತದೆ. ಅದೂ ಅವಳು ದುಡಿದ ದುಡ್ಡೇ ಆಗಿರುತ್ತದೆ. ಕೊನೆಗೆ ‘ಹೊಂದಿಕೊಂಡು ಹೋಗು’ ಅಂತ ಅದೇ ರಾತ್ರಿ ಅದೇ ಮನೆಗೆ ಕಳಿಸುತ್ತಾರೆ.

ಯಜಮಾನರ ಜೊತೆ ಕೂತು ಇವನ್ನು ಕೇಳಿಕೊಳ್ಳಿ, ಒಪ್ಪುವವರಿದ್ದಾರೆ. ಅವಳ ಹೇಳಿಕೆಯನ್ನು ಇಬ್ಬರು ಹಿರಿಯ ಹೆಂಗಸರು ಮೊದಲೇ ಪ್ರತ್ಯೇಕವಾಗಿ ಕೇಳಿಕೊಂಡು ಕೂಟದಲ್ಲಿ ಅವರೇ ಹೇಳಲಿ. ಆ ಇಬ್ಬರಲ್ಲಿ ಒಬ್ಬಳು ಅವಳ ತವರಿನ ಕಡೆಯವಳಾಗಿರಲಿ. ದಂಡ ಅವಳ ಕೈಗೆ ಅಥವಾ ಅವಳ ಹೆಸರಿನ ಖಾತೆಗೆ ಹೋಗಲಿ. ತೀರ್ಮಾನವನ್ನು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಲಿ. ಹದಿನೈದು ದಿನಕ್ಕೆ, ಮತ್ತೆ ಮೂರು ತಿಂಗಳಿಗೆ ಆ ಹೆಂಗಸರೇ ಮನೆಗೆ ಹೋಗಿ ನೋಡಲಿ. ಈ ಮರುಭೇಟಿ ಇಲ್ಲದ ನ್ಯಾಯ ಹೆಚ್ಚಾಗಿ ನಿಲ್ಲುವುದಿಲ್ಲ.

ನ್ಯಾಯಕ್ಕೆ ತರಲೇಬಾರದ ವಿಷಯಗಳೂ ಇವೆ: ಅತ್ಯಾಚಾರ, 18ರೊಳಗಿನ ಹುಡುಗಿಯ ಮೇಲಿನ ಲೈಂಗಿಕ ದೌರ್ಜನ್ಯ, ಮೂಳೆ ಮುರಿತ, ಸುಟ್ಟಗಾಯ, ಕೊಲ್ಲುವ ಬೆದರಿಕೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣ ಗೊತ್ತಾದರೆ ದೂರು ಕೊಡುವುದು ನಿಮಗೆ ಕಾನೂನಿನ ಕಡ್ಡಾಯ, ಯಜಮಾನರ ಒಪ್ಪಿಗೆಗೆ ಕಾಯುವ ಹಾಗಿಲ್ಲ. ಉಳಿದವುಗಳಲ್ಲಿ ಪೊಲೀಸರ ಹೆಸರಿಗೇ ಹೆದರುವವಳಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ಸುಲಭ; 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಅವರೇ. ವಾಸದ ಹಕ್ಕು, ಜೀವನಾಂಶ, ರಕ್ಷಣೆಯ ಆದೇಶ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು, ಗಂಡನನ್ನು ಜೈಲಿಗೆ ಹಾಕಿಸಬೇಕೆಂದೇನೂ ಇಲ್ಲ. ಸಹಾಯವಾಣಿ 181. ವಕೀಲರ ಖರ್ಚು ಇಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಂತೆ ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಸಾಯಲು ಪ್ರಯತ್ನಿಸಿ ಬದುಕಿದವಳಿಗೆ ಹಾಡಿಯಲ್ಲಿ ದಂಡ ಹಾಕುವ ಮಾತು ಬಂದರೆ ಅಲ್ಲೇ ತಡೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅವಳು ತೀವ್ರ ಒತ್ತಡದಲ್ಲಿದ್ದಳು ಅಂತಲೇ ಭಾವಿಸುತ್ತದೆ, ಶಿಕ್ಷೆ ಇಲ್ಲ. ಪ್ರಕರಣ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತರದೆ ಕಳೆದುಕೊಂಡ ಜೀವಗಳಿವೆ. ಇದನ್ನು ಪ್ರತಿ ಕೂಟದಲ್ಲೂ ಹೇಳಿ.

---

ತಾಲ್ಲೂಕು ವೈದ್ಯ

ಆಣೆಯ ಬಗ್ಗೆ: ಒತ್ತಾಸೆ ಕೊಡಿ, ಆದರೆ ಎಲ್ಲರಿಗೂ ಒಂದೇ ದಿನ ಬೇಡ.

ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು, ಇವರ ಪಟ್ಟಿಯನ್ನು ಹಬ್ಬಕ್ಕೆ ಎರಡು ವಾರ ಮುಂಚೆ ಮಾಡಿ. ಪಟ್ಟಿ ಕೊಡಬಲ್ಲವರು ಹೆಂಗಸರೇ. ಇವರು ಒಮ್ಮೆಗೇ ನಿಲ್ಲಿಸಿದರೆ ಕೊನೆಯ ಗುಟುಕಿನಿಂದ 6–48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಬಡಬಡಿಕೆ, ಇಲ್ಲದ್ದು ಕಾಣುವುದು, ಜ್ವರ ಬರಬಹುದು. ಹಾಡಿಯಲ್ಲಿ ಅದನ್ನು ಆಣೆ ತಪ್ಪಿದ್ದಕ್ಕೆ ದೇವರ ಕೋಪ ಅಂತ ತಿಳಿದು ಕಟ್ಟಿಹಾಕುತ್ತಾರೆ, ಇಲ್ಲವೇ ಹೆದರಿ ಮತ್ತೆ ಕುಡಿಸುತ್ತಾರೆ. ಈ ಪಟ್ಟಿಯವರನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿ ಐದರಿಂದ ಏಳು ದಿನ ಮಾತ್ರೆಯ ಪ್ರಮಾಣ ಇಳಿಸುತ್ತಾ ಬಿಡಿಸಬೇಕು. ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಗ್ಲೂಕೋಸ್‌ಗೆ ಮುಂಚೆ. ಅವರ ಆಣೆ ಆಸ್ಪತ್ರೆಯಿಂದ ವಾಪಸು ಬಂದ ಮೇಲೆ ಆಗಲಿ. ಉಳಿದವರದು ಹಬ್ಬದ ದಿನವೇ ಆಗಬಹುದು.

ಆ ವಾರ ಮನೆಯಲ್ಲಿ ಸಿಡುಕು, ಜಗಳ ಹೆಚ್ಚುತ್ತದೆ. ಮಕ್ಕಳ ಸಮೇತ ಹೋಗಿ ಮಲಗಲು ಗೊತ್ತು ಮಾಡಿದ ಎರಡು ಮನೆಗಳಿಗೆ ಮುಂಚೆಯೇ ತಿಳಿಸಿಡಿ. ಕುಡಿಯುವ ಹೆಂಗಸರೂ ಇರುತ್ತಾರೆ; ಅವರ ಹೆಸರು ಗಂಡಸರ ಪಟ್ಟಿಗೆ ಬರಬಾರದು, ಕೂಟದ ಮುಂದೆ ನಿಲ್ಲಿಸಿ ಆಣೆ ಹಾಕಿಸಲೂ ಬಾರದು. ಅವರನ್ನು ಮಂಗಳವಾರದ ಕ್ಲಿನಿಕ್‌ಗೆ ಆಶಾ ಅಕ್ಕನ ಜೊತೆ, ರಕ್ತ ಪರೀಕ್ಷೆಯ ನೆಪದಲ್ಲಿ ಕಳಿಸಿ. ಬರುವ ಮುಂಚೆ ಫೋನ್ ಮಾಡಿದರೆ ಸಾಲಿನಲ್ಲಿ ನಿಲ್ಲಿಸದೆ ಹನ್ನೊಂದರೊಳಗೆ ನೋಡಿ ಕಳಿಸುವಂತೆ ಕ್ಲಿನಿಕ್‌ನ ನರ್ಸ್ ಜೊತೆ ಮಾತಾಡಿಟ್ಟುಕೊಳ್ಳಿ. ಮಧ್ಯಾಹ್ನದ ಬಸ್ಸು ತಪ್ಪಿದರೆ ಅವರು ಮತ್ತೆ ಬರುವುದಿಲ್ಲ.